ಮೂರು ಸಾಲಿನ ಕುಟುಂಬದ ಗಾಡಿ: ಕೊಂಡವರ ಅನುಭವದಿಂದ ಒಂದು ಪಾಠ



ಸಂಘದ ಕಛೇರಿಯ ಜಗಲಿಯಲ್ಲಿ ಕುಳಿತಾಗ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಗೊಬ್ಬರದ್ದೂ ಅಲ್ಲ, ಔಷಧಿಯದ್ದೂ ಅಲ್ಲ. ‘ಏಳು ಜನ ಕೂರುವ ಗಾಡಿ ಯಾವುದು ತೆಗೆದುಕೊಳ್ಳಬಹುದು?’ ಎಂಬುದು. 2024 ಮತ್ತು 2025ರಲ್ಲಿ ಕಾಫಿಗೆ ಬಂದ ಬೆಲೆ ಈ ಪ್ರಶ್ನೆಗೆ ಒಂದು ಕಾರಣ. ಮನೆಯಲ್ಲಿ ವಯಸ್ಸಾದವರು, ಓದುವ ಮಕ್ಕಳು, ಮಂಗಳೂರು ಮಣಿಪಾಲದ ಆಸ್ಪತ್ರೆಗಳ ಓಡಾಟ, ಮದುವೆ ಮುಂಜಿ ಇವೆಲ್ಲ ಇನ್ನೊಂದು ಕಾರಣ. ಆಸೆ ತಪ್ಪಲ್ಲ. ಆದರೆ ಗಿಡ ನೆಡುವ ಮುನ್ನ ಮಣ್ಣು ನೋಡುವ ನಾವು, ಹದಿನೈದು ಇಪ್ಪತ್ತು ಲಕ್ಷದ ಗಾಡಿ ಕೊಳ್ಳುವಾಗ ಬರಿಯ ಬಣ್ಣ ನೋಡಿ ಬರುವುದು ಸರಿಯಲ್ಲ.

ಈ ಲೇಖನದಲ್ಲಿ ಯಾವ ಗಾಡಿ ಶ್ರೇಷ್ಠ ಎಂಬ ತೀರ್ಪು ಇಲ್ಲ. ನನ್ನದೂ ಸೇರಿ ಐದು ಮನೆಗಳ ಅನುಭವವನ್ನು ಕೇಳಿ, ಅದರಿಂದ ಕಲಿಯತಕ್ಕದ್ದನ್ನು ಪಾಠದ ರೂಪದಲ್ಲಿ ಇಟ್ಟಿದ್ದೇನೆ. ಕೊಪ್ಪದ ಕಡೆಯ ಅಡಿಕೆ ತೋಟದವನು ನಾನು. ಉಳಿದವರು ಶೃಂಗೇರಿ, ಮೂಡಿಗೆರೆ, ಶಿರಸಿ ಮತ್ತು ಕೊಡಗಿನವರು. ಎಲ್ಲರೂ ಸಣ್ಣ ಮತ್ತು ಮಧ್ಯಮ ಹಿಡುವಳಿದಾರರು. ಅವರ ಹೆಸರನ್ನಾಗಲೀ ಗಾಡಿಯ ಹೆಸರನ್ನಾಗಲೀ ಹೇಳುವುದು ಇಲ್ಲಿ ಅಗತ್ಯವಿಲ್ಲ.

ಜೀಪಿನಿಂದ ಇಲ್ಲಿಯವರೆಗೆ

ಮಲೆನಾಡಿನ ಹಳೆಯ ಬಂಟ ಜೀಪು. ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಹಿಂದಿನ ಎರಡು ಬೆಂಚುಗಳಲ್ಲಿ ಎದುರುಬದುರಾಗಿ ಎಷ್ಟು ಜನ ಕೂತರೂ ‘ಇನ್ನೊಬ್ಬರಿಗೆ ಜಾಗ ಉಂಟು’ ಎನ್ನುತ್ತಿದ್ದ ಕಾಲ ಅದು. 2000ದಲ್ಲಿ ಮಹೀಂದ್ರ ಬೊಲೆರೋ ಬಂತು. ಅದೇ ವರ್ಷ ನಮ್ಮ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಬಂತು. 2005ರಲ್ಲಿ ಅದರ ಸ್ಥಾನವನ್ನು ಇನ್ನೋವಾ ತುಂಬಿತು. 2002ರಲ್ಲಿ ಸ್ಕಾರ್ಪಿಯೋ, 2011ರಲ್ಲಿ ಎಕ್ಸ್‌ಯುವಿ 500, 2021ರಲ್ಲಿ ಎಕ್ಸ್‌ಯುವಿ 700 ಮತ್ತು ಹೊಸ ರೂಪದ ಟಾಟಾ ಸಫಾರಿ, 2022ರಲ್ಲಿ ಸ್ಕಾರ್ಪಿಯೋ ಎನ್ ಹಾಗೂ ಇನ್ನೋವಾ ಹೈಕ್ರಾಸ್ ಬಂದವು. ಹೀಗೆ ಜೀಪಿನ ಬೆಂಚು ಹೋಗಿ ಮೆತ್ತನೆಯ ಮೂರು ಸಾಲಿನ ಆಸನ ಬಂತು. ಅದರ ಜೊತೆಗೆ ಜೀಪಿನಲ್ಲಿ ಇಲ್ಲದ ಕೆಲವು ಹೊಸ ತಾಪತ್ರಯಗಳೂ ಬಂದವು.

ಮೈಕಟ್ಟಿನಲ್ಲಿ ಎರಡು ಜಾತಿ

ಈ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಲಾರಿಯಂತೆ ಕೆಳಗೆ ಉಕ್ಕಿನ ಚಾಸಿಸ್ ಇದ್ದು, ಅದರ ಮೇಲೆ ಮೈ ಕೂರಿಸಿದ್ದು. ಬೊಲೆರೋ, ಸ್ಕಾರ್ಪಿಯೋ, ಇನ್ನೋವಾ ಕ್ರಿಸ್ಟಾ ಈ ಜಾತಿಗೆ ಸೇರಿದವು. ಇವುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳು ಎಳೆಯುತ್ತವೆ. ಎರಡನೆಯದು ಚಾಸಿಸ್ ಬೇರೆ ಇಲ್ಲದೆ, ಮೈಯೇ ಭಾರ ಹೊರುವಂತೆ ಕಟ್ಟಿದ್ದು. ಎಕ್ಸ್‌ಯುವಿ 700, ಹೊಸ ಸಫಾರಿ, ಹೈಕ್ರಾಸ್ ಈ ಜಾತಿಯವು. ಇವುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳು ಎಳೆಯುತ್ತವೆ. ಡಾಂಬರು ರಸ್ತೆಯಲ್ಲಿ ಎರಡನೆಯ ಜಾತಿ ಹೆಚ್ಚು ಸುಖ. ತಿರುವಿನಲ್ಲಿ ಓಲಾಡುವುದು ಕಡಿಮೆ.

ಆದರೆ ನಮ್ಮ ಮನೆ ಡಾಂಬರು ರಸ್ತೆಯ ಪಕ್ಕದಲ್ಲಿ ಇರುವುದಿಲ್ಲ. ಮೂಡಿಗೆರೆಯ ಸದಸ್ಯರ ಮನೆಗೆ ಮುಖ್ಯ ರಸ್ತೆಯಿಂದ ಮುಕ್ಕಾಲು ಮೈಲಿ ಜಂಬಿಟ್ಟಿಗೆ ಮಣ್ಣಿನ ಏರು ದಾರಿ. ಅವರು ಕೊಂಡದ್ದು ಮುಂದಿನ ಚಕ್ರ ಎಳೆಯುವ ಗಾಡಿ. ಬೇಸಿಗೆಯಲ್ಲಿ ಒಬ್ಬರೇ ಹೋಗುವಾಗ ಏನೂ ತೊಂದರೆ ಇಲ್ಲ. ಜುಲೈ ತಿಂಗಳಲ್ಲಿ ಏಳು ಜನರನ್ನು ಹತ್ತಿಸಿಕೊಂಡು ಏರುವಾಗ ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿ ಕೆಸರು ಎರಚಿದವು. ಇದರಲ್ಲಿ ಗಾಡಿಯ ದೋಷವೇನೂ ಇಲ್ಲ. ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗುತ್ತದೆ. ಮೂರನೆಯ ಸಾಲಿನಲ್ಲಿ ಜನ ಕೂತರೆ ಇನ್ನಷ್ಟು ಹಿಂದಕ್ಕೆ. ಮುಂದಿನ ಚಕ್ರಗಳ ಮೇಲೆ ಒತ್ತು ಕಡಿಮೆಯಾಗಿ ಹಿಡಿತ ತಪ್ಪುತ್ತದೆ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಇದೇ ಭಾರ ಹಿಡಿತಕ್ಕೆ ಸಹಾಯವಾಗುತ್ತದೆ. ಕೊಡಗಿನ ಸದಸ್ಯರು ನಾಲ್ಕು ಚಕ್ರವೂ ಎಳೆಯುವ ಗಾಡಿ ತೆಗೆದುಕೊಂಡಿದ್ದಾರೆ. ಅವರಿಗೆ ಈ ಪ್ರಶ್ನೆಯೇ ಬಂದಿಲ್ಲ, ಆದರೆ ಅದಕ್ಕೆ ಹೆಚ್ಚು ಹಣ ತೆತ್ತಿದ್ದಾರೆ.

ಮೂಡಿಗೆರೆಯವರು ಗಾಡಿ ಮಾರಲಿಲ್ಲ. ಕಡಿದಾದ ಎರಡು ಕಡೆ ಚಕ್ರ ಓಡುವ ಜಾಗಕ್ಕೆ ಕಾಂಕ್ರೀಟು ಪಟ್ಟಿ ಹಾಕಿಸಿದರು. ‘ಗಾಡಿ ಬದಲಾಯಿಸುವ ಬದಲು ದಾರಿ ಬದಲಾಯಿಸಿದೆ, ಅದರಿಂದ ಪಿಕಪ್ಪಿಗೂ ಅನುಕೂಲವಾಯಿತು’ ಎಂದು ಅವರು ಹೇಳುವುದು ಯೋಚಿಸತಕ್ಕ ಮಾತು.

ಇನ್ನೊಂದು ಅಂಶ. ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಇಷ್ಟು ಎಂದು ಪುಸ್ತಕದಲ್ಲಿ ಬರೆದಿರುತ್ತಾರಷ್ಟೆ. ಜನ ತುಂಬಿದಾಗ ಸ್ಪ್ರಿಂಗು ಕುಗ್ಗಿ ಆ ಅಂತರ ಕಡಿಮೆಯಾಗುತ್ತದೆ. ಪರೀಕ್ಷೆಗೆ ಗಾಡಿ ತಂದಾಗ ಮನೆಯವರನ್ನೆಲ್ಲ ಕೂರಿಸಿಯೇ ನಿಮ್ಮ ದಾರಿಯಲ್ಲಿ ಓಡಿಸಿ ನೋಡಬೇಕು.

ಮೂರನೆಯ ಸಾಲು ಯಾರಿಗೆ?

ಏಳು ಆಸನ ಎಂದ ಮಾತ್ರಕ್ಕೆ ಏಳು ದೊಡ್ಡವರು ಸುಖವಾಗಿ ಕೂರುತ್ತಾರೆಂದು ಅರ್ಥವಲ್ಲ. ಐದೂ ಮನೆಯವರು ಒಪ್ಪಿದ ಮಾತು ಇದೊಂದೇ. ಹಿಂದಿನ ಸಾಲಿನಲ್ಲಿ ನೆಲ ಎತ್ತರ, ಆಸನ ತಗ್ಗು. ಮೊಣಕಾಲು ಎದೆಗೆ ಬರುತ್ತದೆ. ಆ ಸಾಲು ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ಘಟ್ಟದ ತಿರುವಿನಲ್ಲಿ ಹೆಚ್ಚು ಎತ್ತಿಹಾಕಿ ವಾಂತಿಗೆ ಕಾರಣವಾಗುತ್ತದೆ. ಮಂಡಿನೋವಿನ ಹಿರಿಯರಿಗೆ ಅಲ್ಲಿಗೆ ನುಸುಳಿ ಹೋಗುವುದೇ ಕಷ್ಟ. ಹಿರಿಯರಿಗೆ ನಡುವಿನ ಸಾಲು, ಎಳೆಯರಿಗೆ ಹಿಂದಿನ ಸಾಲು ಎಂಬುದು ವಾಡಿಕೆ. ನಡುವಿನ ಸಾಲಿನಲ್ಲಿ ಎರಡು ಬಿಡಿ ಕುರ್ಚಿಗಳಿರುವ ಮಾದರಿ ಕೊಂಡರೆ ಹಿಂದಕ್ಕೆ ಹೋಗಲು ನಡುವೆ ದಾರಿ ಸಿಗುತ್ತದೆ. ಆದರೆ ಒಂದು ಆಸನ ಕಡಿಮೆಯಾಗುತ್ತದೆ.

ಹಿಂದಿನ ಸಾಲು ಎತ್ತಿ ನಿಲ್ಲಿಸಿದಾಗ ಸಾಮಾನಿಗೆ ಉಳಿಯುವ ಜಾಗ ಎರಡು ಕೈಚೀಲದಷ್ಟು. ಏಳು ಜನರೂ ಏಳು ಪೆಟ್ಟಿಗೆಗಳೂ ಎಂಬುದು ಆಗದ ಮಾತು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು ಮಕ್ಕಳ ಸುರಕ್ಷತೆ. ಬೊಲೆರೋದಂಥ ಹಳೆಯ ಕ್ರಮದ ಗಾಡಿಗಳಲ್ಲಿ ಹಿಂದಿನ ಆಸನಗಳು ಬದಿಗೆ ಮುಖ ಮಾಡಿರುತ್ತವೆ. ಅಪಘಾತವಾದರೆ ಬದಿಗೆ ಕೂತವರ ಮೈ ಮುಂದಕ್ಕೆ ಎಸೆಯಲ್ಪಡುತ್ತದೆ. ಮಕ್ಕಳನ್ನು ದೂರದ ಪ್ರಯಾಣದಲ್ಲಿ ಅಲ್ಲಿ ಕೂರಿಸುವುದು ತರವಲ್ಲ. ಮುಂದಕ್ಕೆ ಮುಖ ಮಾಡಿದ ಹಿಂದಿನ ಸಾಲಾದರೆ ಪ್ರತಿಯೊಬ್ಬರಿಗೂ ಬೆಲ್ಟು ಉಂಟೇ, ತಲೆಗೆ ಒರಗು ಉಂಟೇ ನೋಡಿಕೊಳ್ಳಬೇಕು. 2022ರ ಸೆಪ್ಟೆಂಬರ್ 4ರಂದು ಮುಂಬಯಿ ಬಳಿಯ ಪಾಲ್ಘರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಕಾರಿನ ಹಿಂದಿನ ಸೀಟಿನಲ್ಲಿದ್ದು ಅಪಘಾತದಲ್ಲಿ ತೀರಿಕೊಂಡ ಮೇಲೆ ಹಿಂದಿನವರ ಬೆಲ್ಟಿನ ಬಗ್ಗೆ ದೇಶದಲ್ಲೆಲ್ಲ ಮಾತಾಯಿತು. ಬೆಲ್ಟು ಹಾಕದಿದ್ದರೆ ಮೋಟಾರು ಕಾಯಿದೆಯಲ್ಲಿ 1000 ರೂಪಾಯಿ ದಂಡ ಉಂಟು. ದಂಡಕ್ಕೆ ಹೆದರಿ ಹಾಕುವುದಕ್ಕಿಂತ ಜೀವಕ್ಕೆ ಹೆದರಿ ಹಾಕುವುದು ಒಳ್ಳೆಯದು. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿಯೇ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆ ಜಾರಿಗೆ ಬಂದಿದೆ. ಕೊಳ್ಳುವ ಗಾಡಿಗೆ ಎಷ್ಟು ನಕ್ಷತ್ರ ಸಿಕ್ಕಿದೆ, ದೊಡ್ಡವರ ಲೆಕ್ಕದಲ್ಲಿ ಎಷ್ಟು, ಮಕ್ಕಳ ಲೆಕ್ಕದಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು.

ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತರಲು ಇದೇ ಗಾಡಿಯಲ್ಲಿ ಹದಿನಾಲ್ಕು ಜನರನ್ನು ತುಂಬುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆರ್.ಸಿ.ಯಲ್ಲಿ ಏಳು ಎಂದಿದ್ದರೆ ಏಳೇ. ದಂಡ ಎಂಬುದು ಸಣ್ಣ ಮಾತು. ಅನಾಹುತವಾದಾಗ ವಿಮೆಯ ಹಣ ಪಡೆಯುವಲ್ಲಿ ತೊಡಕಾಗಿ, ತೋಟವನ್ನೇ ಮಾರಿ ಪರಿಹಾರ ಕೊಡಬೇಕಾದೀತು ಎಂಬುದು ದೊಡ್ಡ ಮಾತು. ಅವರೂ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರೇ ಅಲ್ಲವೇ?

ಡೀಸೆಲ್ ಗಾಡಿಯ ಮಸಿ ಜಾಲರಿ

ಇದು ನನ್ನ ಸ್ವಂತ ಅನುಭವ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗಾಡಿ ತಂದು ಐದು ತಿಂಗಳಾಗಿತ್ತು. ನನ್ನ ಓಡಾಟ ದಿನವೂ ಒಂದೇ: ಬೆಳಿಗ್ಗೆ ಮನೆಯಿಂದ ಪೇಟೆಗೆ ಆರು ಕಿಲೋಮೀಟರು, ಡೈರಿ, ಸೊಸೈಟಿ, ಮತ್ತೆ ಮನೆ. ಎರಡನೆಯ ಮೂರನೆಯ ಗೇರಿನಲ್ಲೇ ಓಟ. ಒಂದು ದಿನ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ‘ಹೊಸ ಗಾಡಿ, ಏನಾಗುತ್ತದೆ’ ಎಂದು ಸುಮ್ಮನಿದ್ದೆ. ವಾರದ ಮೇಲೆ ಗಾಡಿಯ ಶಕ್ತಿ ಕುಗ್ಗಿ ಏರು ಹತ್ತಲೇ ಒಲ್ಲೆ ಎಂದಿತು. ಎಳೆದುಕೊಂಡು ಹೋಗಿ ಗ್ಯಾರೇಜಿಗೆ ಸೇರಿಸಿದಾಗ ಅಲ್ಲಿಯ ಮೆಕ್ಯಾನಿಕ್ ಹೇಳಿದ್ದು: ‘ಏನು ಮಾರಾಯ್ರೇ, ಓಡಿಸಿ ಕೆಟ್ಟ ಗಾಡಿ ನೋಡಿದ್ದೇವೆ, ಓಡಿಸದೆ ಕೆಟ್ಟಿದೆ ನಿಮ್ಮದು!’

ವಿಷಯ ಇಷ್ಟು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆ ನಿಯಮ ಜಾರಿಗೆ ಬಂತು. ಅಂದಿನಿಂದ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಡಿ.ಪಿ.ಎಫ್. ಎಂಬ ಜಾಲರಿ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅಡಿಗೆಮನೆಯ ಹೊಗೆಗೂಡಿಗೆ ಮಸಿ ಕಟ್ಟಿದಂತೆ ಅದೂ ಕಟ್ಟುತ್ತದೆ. ಸಾಕಷ್ಟು ತುಂಬಿದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ, ಐವತ್ತು ಅರುವತ್ತರ ವೇಗದಲ್ಲಿ ಓಡಬೇಕು. ತೋಟದಿಂದ ಪೇಟೆಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಹಲವು ಸಲ ಆದರೆ ಜಾಲರಿ ಕಟ್ಟುತ್ತದೆ. ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲಿಗೂ ಇಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ ಇದೇ ಕಾರಣವಿರಬಹುದು, ಕೂಡಲೇ ತೋರಿಸಬೇಕು.

ಗಾಡಿ ಮಾರುವಾಗ ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಂತ್ರ ಹಾಕಿ ಬಲವಂತದಿಂದ ಮಸಿ ಸುಡಿಸಿದ ಮೇಲೆ ಸರಿಯಾಯಿತು. ಇನ್ನೂ ತಡಮಾಡಿದ್ದರೆ ಜಾಲರಿಯನ್ನೇ ಬದಲಾಯಿಸಬೇಕಾಗುತ್ತಿತ್ತು. ಅದು ಸಾವಿರದಲ್ಲಿ ಮುಗಿಯುವ ಖರ್ಚಲ್ಲ.

ಈಗ ಪಾಲಿಸುತ್ತಿರುವ ಕ್ರಮ:

1. ಹತ್ತು ಹದಿನೈದು ದಿನಕ್ಕೊಮ್ಮೆ ಮುಖ್ಯ ರಸ್ತೆಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸುವುದು. ಶಿವಮೊಗ್ಗದ ಕೆಲಸಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು.

2. ದೀಪ ಹತ್ತಿದ ದಿನವೇ ಪುಸ್ತಕ ನೋಡಿ ಅದರಂತೆ ನಡೆಯುವುದು.

3. ಮಸಿ ಸುಡುವಾಗ ಹೊಗೆಕೊಳವೆ ಕೆಂಡದಂತಿರುತ್ತದೆ. ಒಣಹುಲ್ಲು, ದರಗು, ಅಡಿಕೆ ಸಿಪ್ಪೆ, ಕಾಫಿ ಹೊಟ್ಟು ಇವುಗಳ ಮೇಲೆ ಗಾಡಿ ನಿಲ್ಲಿಸಬಾರದು. ಫೆಬ್ರವರಿ ಮಾರ್ಚಿಯಲ್ಲಿ ಇದು ಬೆಂಕಿಗೆ ಆಹ್ವಾನ.

4. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸುವುದು.

ದಿನದ ಓಡಾಟ ನಾಲ್ಕಾರು ಕಿಲೋಮೀಟರು ಮಾತ್ರ ಇರುವವರು ಪೆಟ್ರೋಲ್ ಅಥವಾ ಹೈಬ್ರಿಡ್ ಗಾಡಿಯನ್ನೂ ಯೋಚಿಸಬೇಕು. ಶಿರಸಿಯ ಸದಸ್ಯರ ಕೂಡುಕುಟುಂಬದಲ್ಲಿ ಇರುವುದು ಹೈಬ್ರಿಡ್. ಪೇಟೆಯ ಓಡಾಟದಲ್ಲಿ ಎಣ್ಣೆ ಉಳಿತಾಯ, ಸದ್ದಿಲ್ಲ ಎಂದು ಅವರು ಮೆಚ್ಚಿದ್ದಾರೆ. ಆದರೆ ಕೆಲವು ಹೈಬ್ರಿಡ್ ಗಾಡಿಗಳಲ್ಲಿ ಬ್ಯಾಟರಿಗೆ ತಂಪು ಗಾಳಿ ಹೋಗುವ ಕಿಂಡಿ ಆಸನದ ಬಳಿ ಇರುತ್ತದೆ. ಅದರ ಮುಂದೆ ಅಡಿಕೆ ಚೀಲ ಒತ್ತಿದರೆ ಗಾಳಿ ಕಟ್ಟುತ್ತದೆಂಬುದನ್ನು ನೆನಪಿಡಬೇಕು.

ಗೊಬ್ಬರದ ಯೂರಿಯಾ ಬೇರೆ, ಗಾಡಿಯ ಯೂರಿಯಾ ಬೇರೆ

ಕೆಲವು ಡೀಸೆಲ್ ಗಾಡಿಗಳಿಗೆ ಡಿ.ಇ.ಎಫ್. ಎಂಬ ದ್ರವವನ್ನೂ ಹಾಕಬೇಕು. ಅದು ಶೇಕಡಾ 32.5ರಷ್ಟು ಯೂರಿಯಾ, ಉಳಿದದ್ದು ಲವಣ ತೆಗೆದ ಶುದ್ಧ ನೀರು. ಇದನ್ನು ಕೇಳಿದ ನಮ್ಮವರೊಬ್ಬರು ‘ಯೂರಿಯಾ ಮನೆಯಲ್ಲೇ ಮೂಟೆಗಟ್ಟಲೆ ಉಂಟಲ್ಲ, ಬಾವಿ ನೀರಿಗೆ ಕಲಸಿದರಾಯಿತು’ ಎಂದರು. ಖಂಡಿತ ಕೂಡದು. 2015ರಿಂದ ನಮ್ಮ ದೇಶದಲ್ಲಿ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಗಿದೆ. ಆ ಎಣ್ಣೆ, ಗೊಬ್ಬರದ ಕಲ್ಮಶ, ಬಾವಿ ನೀರಿನ ಸುಣ್ಣ ಎಲ್ಲವೂ ಸೇರಿ ಒಳಗಿನ ಸೂಕ್ಷ್ಮ ನಳಿಕೆಯನ್ನು ಕೆಡಿಸುತ್ತವೆ. ನೂರು ರೂಪಾಯಿ ಉಳಿಸಹೋಗಿ ಲಕ್ಷ ಕಳೆದುಕೊಂಡಂತೆ. ಮೊಹರು ಒಡೆಯದ ಡಬ್ಬಿಯನ್ನೇ ಕೊಳ್ಳಬೇಕು. ಆ ದ್ರವವನ್ನು ಮರೆತು ಡೀಸೆಲ್ ಟ್ಯಾಂಕಿಗೆ ಹಾಕಿಬಿಟ್ಟರೆ ಗಾಡಿಯನ್ನು ಚಾಲೂ ಮಾಡಲೇಬಾರದು.

ಘಟ್ಟ ಇಳಿಯುವ ವಿಧಾನ

ಇದೂ ನನ್ನದೇ ತಪ್ಪಿನ ಕಥೆ. ಆಗಸ್ಟಿನಲ್ಲಿ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಗಾಡಿಯಲ್ಲಿ ಆರು ಜನ, ಮೇಲೆ ಸಾಮಾನು. ಗೇರು ತಾನೇ ಬದಲಾಯಿಸಿಕೊಳ್ಳುವ ಗಾಡಿ. ನಾನು ಅದನ್ನು ‘ಡಿ’ಯಲ್ಲೇ ಬಿಟ್ಟು ಬ್ರೇಕು ತುಳಿಯುತ್ತಾ ಬಂದೆ. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ. ‘ಏನೋ ಇದು, ಬಟ್ಟೆ ಸುಟ್ಟ ಹಾಗೆ?’ ಎಂದು ಅಮ್ಮ ಕೇಳುವ ಹೊತ್ತಿಗೆ ಬ್ರೇಕಿನ ಪೆಡಲು ಮೆತ್ತಗಾಗಿತ್ತು. ದೇವರ ದಯೆಯಿಂದ ಅಗಲವಾದ ಜಾಗ ಸಿಕ್ಕಿ ನಿಲ್ಲಿಸಿದೆ. ಮಂಜಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಆ ಮುಕ್ಕಾಲು ಗಂಟೆ ಅಮ್ಮ ಒಂದು ಮಾತೂ ಆಡಲಿಲ್ಲ.

ಹಳೆಯ ಜೀಪು ಚಾಲಕರು ‘ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ’ ಎನ್ನುತ್ತಿದ್ದರು. ಅದು ಇಂದಿಗೂ ಸತ್ಯ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರನ್ನು ಕೈಯಿಂದ ಹಾಕಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅದನ್ನು ಮನೆಯಲ್ಲೇ ಕಲಿತಿರಬೇಕು. ಎಂಜಿನ್ ಗಾಡಿಯನ್ನು ಹಿಡಿದುಕೊಂಡರೆ ಬ್ರೇಕಿಗೆ ಕೆಲಸ ಕಡಿಮೆ. ಬ್ರೇಕು ಕಾದಾಗ ಅದರ ಮೇಲೆ ತಣ್ಣೀರು ಹೊಯ್ಯಬಾರದು. ಡಿಸ್ಕು ಬಾಗುವ ಅಥವಾ ಬಿರುಕು ಬಿಡುವ ಸಂಭವವುಂಟು. ತಾನಾಗಿ ಆರಲು ಬಿಡಬೇಕು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲು ಬೇಗ ಕುದಿದು ಪೆಡಲು ಮೆತ್ತಗಾಗುತ್ತದೆ. ನಮ್ಮ ಮಳೆಯ ನಾಡಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸತಕ್ಕದ್ದು. ಪೂರ್ತಿ ಜನ ತುಂಬಿದಾಗ ಟಯರಿನ ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲಿನ ಕಂಬದಲ್ಲಿ ಚೀಟಿ ಅಂಟಿಸಿರುತ್ತಾರೆ. ಒಬ್ಬರೇ ಹೋಗುವಾಗಿನ ಗಾಳಿ ಏಳು ಜನಕ್ಕೆ ಸಾಲದು.

ಮಳೆಗಾಲದಲ್ಲಿ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುವಾಗ ‘ದೊಡ್ಡ ಗಾಡಿಯಲ್ಲವೇ’ ಎಂದು ಇಳಿಸುವುದು ಇನ್ನೊಂದು ದುಸ್ಸಾಹಸ. ಎಂಜಿನ್ ಗಾಳಿಯ ಜೊತೆ ನೀರು ಎಳೆದುಕೊಂಡರೆ ಒಳಗಿನ ಕಡ್ಡಿಗಳು ಬಾಗುತ್ತವೆ. ನಡುನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಚಾಲೂ ಮಾಡಲು ಹೋಗಬಾರದು. ಸಾಮಾನ್ಯ ವಿಮೆಯಲ್ಲಿ ಈ ನಷ್ಟ ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಕೇಳಿ ಮಾಡಿಸಬೇಕು.

ತೋಟದ ಮನೆಯಲ್ಲಿ ಗಾಡಿಯ ಶತ್ರುಗಳು

ಇಲಿ: ಐದರಲ್ಲಿ ಮೂರು ಮನೆಯವರು ಇಲಿ ವೈರು ಕಡಿದು ನಷ್ಟ ಅನುಭವಿಸಿದ್ದಾರೆ. ಶೃಂಗೇರಿಯವರ ಗಾಡಿ ಅಡಿಕೆ ಅಟ್ಟದ ಕೆಳಗೆ ನಿಲ್ಲುತ್ತಿತ್ತು. ಭತ್ತ, ತೆಂಗಿನಕಾಯಿ, ಹಿಂಡಿ ಇರುವಲ್ಲಿ ಗಾಡಿ ಇಡದಿರುವುದೇ ಮೊದಲ ಮದ್ದು. ವಾರಗಟ್ಟಲೆ ನಿಲ್ಲಿಸದೆ ಓಡಿಸುತ್ತಿರಬೇಕು. ರಾತ್ರಿ ಬಾನೆಟ್ ತೆರೆದಿಟ್ಟರೆ ಕತ್ತಲು ಬೆಚ್ಚಗಿನ ಗೂಡು ಸಿಗದೆ ಇಲಿ ಬರುವುದು ಕಡಿಮೆ ಎಂಬುದು ಅವರ ಅನುಭವ.

ಎಲೆ: ಸಿಲ್ವರ್ ಓಕ್ ಮರದಡಿ ನಿಲ್ಲಿಸಿದ ಗಾಡಿಯ ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬುತ್ತದೆ. ಅಲ್ಲಿ ನೀರು ಇಳಿಯುವ ತೂತುಗಳಿವೆ. ಅವು ಕಟ್ಟಿದರೆ ಮಳೆನೀರು ಒಳಗಿನ ನೆಲಹಾಸಿಗೆ ಇಳಿಯುತ್ತದೆ. ಮೇಲ್ಛಾವಣಿಗೆ ಗಾಜಿನ ಕಿಟಕಿ ಇರುವ ಗಾಡಿಗಳಲ್ಲಿ ಅದರ ನಾಲ್ಕು ಮೂಲೆಯ ತೂತುಗಳಿಗೂ ಇದೇ ಗತಿ. ಮೇ ತಿಂಗಳ ಕೊನೆಯಲ್ಲಿ, ಮನೆಯ ದೋಣಿ ಶುಚಿಮಾಡುವ ದಿನವೇ, ಇವನ್ನೂ ಶುಚಿಮಾಡುವುದು ಲೇಸು.

ತೇವ: ಮಳೆಗಾಲದಲ್ಲಿ ಒದ್ದೆ ಕಂಬಳಿ, ಕೊಡೆ, ಗಂಬೂಟು ಒಳಗೆ ಬಿಟ್ಟರೆ ಆಸನಕ್ಕೆ ಬೂಸ್ಟು ಹಿಡಿಯುತ್ತದೆ. ಬಟ್ಟೆಯ ಹಾಸಿನ ಬದಲು ಅಂಚಿರುವ ರಬ್ಬರ್ ಹಾಸು ಒಳ್ಳೆಯದು.

ಗೊಬ್ಬರ ಮತ್ತು ಔಷಧಿ: ಹಿಂದಿನ ಸಾಲು ಮಡಚಿದರೆ ಎಂಟು ಹತ್ತು ಮೂಟೆ ಹಿಡಿಯುವಷ್ಟು ಜಾಗವಾಗುತ್ತದೆ, ಅದೇ ಪ್ರಲೋಭನೆ. ಪೊಟ್ಯಾಷ್, ಯೂರಿಯಾ, ಮೈಲುತುತ್ತ ಸೋರಿದರೆ ಹಾಸಿನ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಕಾಣುವ ಹೊತ್ತಿಗೆ ತೂತಾಗಿರುತ್ತದೆ. ಕಾಂಡಕೊರಕಕ್ಕೆ ತಂದ ಕೀಟನಾಶಕದ ಡಬ್ಬಿಯನ್ನು ಮಕ್ಕಳು ಕೂರುವ, ಗಾಜು ಮುಚ್ಚಿದ ಗಾಡಿಯಲ್ಲಿ ತರುವುದಂತೂ ದೊಡ್ಡ ತಪ್ಪು. ಇದಕ್ಕೆಲ್ಲ ಪಿಕಪ್ ಬಾಡಿಗೆಗೆ ಸಿಗುತ್ತದೆ. ಕುಟುಂಬದ ಗಾಡಿ ಕುಟುಂಬಕ್ಕೇ ಇರಲಿ.

ಖರ್ಚಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರ ಬದಲಾಯಿತು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಡೀಸೆಲ್ ಆದರೆ 1500 ಸಿ.ಸಿ. ಮೀರದ, ಪೆಟ್ರೋಲ್ ಆದರೆ 1200 ಸಿ.ಸಿ. ಮೀರದ ಗಾಡಿಗೆ ಶೇಕಡಾ 18. ಅದಕ್ಕಿಂತ ದೊಡ್ಡದಕ್ಕೆ ಶೇಕಡಾ 40. ಬೊಲೆರೋ ಮೊದಲನೆಯ ಗುಂಪಿಗೆ ಬರುತ್ತದೆ. ದೊಡ್ಡ ಮೂರು ಸಾಲಿನ ಗಾಡಿಗಳು ಎರಡನೆಯದಕ್ಕೆ. ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಅದೂ ಬೆಲೆ ಏರಿದಂತೆ ಏರುತ್ತದೆ. ಆದ್ದರಿಂದ ಜಾಹೀರಾತಿನ ಬೆಲೆಯನ್ನಲ್ಲ, ರಸ್ತೆಗೆ ಬರುವಾಗಿನ ಬೆಲೆಯನ್ನೇ ಕೇಳಬೇಕು.

ಒಂದು ಉದಾಹರಣೆ ನೋಡೋಣ. 15 ಲಕ್ಷ ಸಾಲ, ಬಡ್ಡಿ ಶೇಕಡಾ 9.5, ಅವಧಿ 7 ವರ್ಷ ಎಂದು ಹಿಡಿದರೆ:

ತಿಂಗಳ ಕಂತು – ಸುಮಾರು 24,500 ರೂ.
ವರ್ಷಕ್ಕೆ – ಸುಮಾರು 2,94,000 ರೂ.
ಒಟ್ಟು ಬಡ್ಡಿ – ಸುಮಾರು 5,60,000 ರೂ.

ಕಂತು ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ಫಸಲು ವರ್ಷಕ್ಕೊಮ್ಮೆ ಬರುತ್ತದೆ. ಕಷ್ಟವಿರುವುದು ಇಲ್ಲಿಯೇ. ಶೃಂಗೇರಿಯ ಸದಸ್ಯರು ಗಾಡಿ ಕೊಂಡ ಎರಡನೆಯ ವರ್ಷ ಎಲೆಚುಕ್ಕಿ ರೋಗದಿಂದ ಅಡಿಕೆ ಇಳುವರಿ ಕುಸಿಯಿತು. ಕಂತು ಕಟ್ಟಲು ಹಸಿ ಅಡಿಕೆಯನ್ನೇ ಬಂದ ಬೆಲೆಗೆ ಚೇಣಿ ಕೊಟ್ಟರು. ‘ಗಾಡಿ ತಪ್ಪು ಮಾಡಲಿಲ್ಲ, ಒಳ್ಳೆಯ ಬೆಲೆ ಬಂದ ವರ್ಷದ ಲೆಕ್ಕದಲ್ಲಿ ಏಳು ವರ್ಷದ ಸಾಲ ಮಾಡಿದ ನಾನು ತಪ್ಪು ಮಾಡಿದೆ’ ಎಂದರು.

ಸಾಲವಿಲ್ಲದೆಯೂ ಖರ್ಚು ಉಂಟು. 18 ಲಕ್ಷದ ಗಾಡಿ 8 ವರ್ಷದಲ್ಲಿ 8 ಲಕ್ಷಕ್ಕೆ ಇಳಿಯುತ್ತದೆಂದು ಹಿಡಿಯಿರಿ. ಸವಕಳಿ ವರ್ಷಕ್ಕೆ 1,25,000. ವಿಮೆ, ಸರ್ವಿಸು, ಟಯರಿಗೆ 60,000. ವರ್ಷಕ್ಕೆ 8,000 ಕಿಲೋಮೀಟರು ಓಡಿಸಿ, ಲೀಟರಿಗೆ 13 ಕಿಲೋಮೀಟರು ಬಂದು, ಲೀಟರಿಗೆ 90 ರೂಪಾಯಿ ಆದರೆ ಡೀಸೆಲಿಗೆ ಸುಮಾರು 55,000. ಒಟ್ಟು 2,40,000, ಅಂದರೆ ಕಿಲೋಮೀಟರಿಗೆ 30 ರೂಪಾಯಿ. ನಿಮ್ಮ ಊರಿನ ಬಾಡಿಗೆ ಗಾಡಿಯ ದರದೊಂದಿಗೆ ಇದನ್ನು ಹೋಲಿಸಿ ನೋಡಿ. ಏಳು ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ಆರೇ ಸಲವಾದರೆ, ದಿನದ ಓಡಾಟಕ್ಕೆ ಸಣ್ಣ ಗಾಡಿ, ಆ ಆರು ಸಲಕ್ಕೆ ಬಾಡಿಗೆ ಗಾಡಿ ಎಂಬುದೂ ಒಂದು ದಾರಿ. ಆದರೆ ನಡುರಾತ್ರಿ ಮನೆಯಲ್ಲಿ ಕಾಯಿಲೆಯಾದಾಗ ಬಾಡಿಗೆ ಗಾಡಿ ಸಿಗದ ಮೂಲೆಯಲ್ಲಿ ಇರುವವರಿಗೆ ಈ ಲೆಕ್ಕ ಬೇರೆ. ಅದನ್ನು ಅವರವರೇ ತೂಗಿಕೊಳ್ಳಬೇಕು.

ರಿಯಾಯಿತಿ ಬಡ್ಡಿಯ ಬೆಳೆ ಸಾಲದ ಹಣವನ್ನು ಗಾಡಿಯ ಮುಂಗಡಕ್ಕೆ ಹಾಕುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಗೊಬ್ಬರಕ್ಕೆ ಹಣವಿಲ್ಲದ ತೋಟ ಗಾಡಿಯ ಕಂತು ಕಟ್ಟಲಾರದು.

ಪಾಠದ ಸಾರ

1. ಇಡೀ ಮನೆಯವರನ್ನು ಕೂರಿಸಿ, ನಿಮ್ಮ ತೋಟದ ದಾರಿಯಲ್ಲೇ, ಸಾಧ್ಯವಾದರೆ ಮಳೆಯಲ್ಲೇ ಗಾಡಿ ಓಡಿಸಿ ನೋಡಿ.
2. ದಿನದ ಓಡಾಟ ಎಷ್ಟು ದೂರ ಎಂದು ಬರೆದಿಟ್ಟುಕೊಂಡು ಆಮೇಲೆ ಡೀಸೆಲೋ ಪೆಟ್ರೋಲೋ ತೀರ್ಮಾನಿಸಿ.
3. ಹಿಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ, ಅವರಿಗೆ ಬೆಲ್ಟು ಉಂಟೇ ನೋಡಿ.
4. ಗ್ಯಾರೇಜು ಎಷ್ಟು ದೂರ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ವಿಚಾರಿಸಿ.
5. ಕಂತನ್ನು ಕೆಟ್ಟ ವರ್ಷದ ಆದಾಯದಲ್ಲಿ ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಿ. ಒಳ್ಳೆಯ ವರ್ಷದ ಆದಾಯದಲ್ಲಿ ಅಲ್ಲ.
6. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಓದಿ. ಐದು ಮನೆಗಳಲ್ಲಿ ಅದನ್ನು ಓದಿದ್ದವರು ಒಬ್ಬರೇ. ಅವರು ಕೊಡಗಿನ ಮನೆಯ ಸೊಸೆ. ತೊಂದರೆ ಬಾರದ ಗಾಡಿಯೂ ಅವರದೇ.

ಸದಸ್ಯರು ಮನೆಯಲ್ಲಿ ಚರ್ಚಿಸಲು ಎರಡು ಪ್ರಶ್ನೆಗಳು: ಕಳೆದ ಒಂದು ವರ್ಷದಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಪ್ರಯಾಣ ಮಾಡಿದ್ದು ಎಷ್ಟು ಸಲ? ಮುಂದಿನ ಏಳು ವರ್ಷಗಳಲ್ಲಿ ಎರಡು ವರ್ಷ ಬೆಳೆ ಕೈಕೊಟ್ಟರೆ ಕಂತು ಎಲ್ಲಿಂದ ಬರುತ್ತದೆ? ಈ ಎರಡಕ್ಕೂ ಉತ್ತರ ಬರೆದಿಟ್ಟುಕೊಂಡು ಷೋರೂಮಿಗೆ ಹೋದವರು ಮೋಸಹೋಗುವುದು ಕಡಿಮೆ.

ನನ್ನ ಗಾಡಿ ಈಗ ಚೆನ್ನಾಗಿದೆ. ಕಳೆದ ತಿಂಗಳು ಅದೇ ಚಾರ್ಮಾಡಿಯನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಬಣಕಲ್ ದಾಟಿದಾಗ ಸುಮ್ಮನಾಗಿದ್ದ ಅಮ್ಮ ಚಾರ್ಮಾಡಿ ಊರು ಬಂದ ಮೇಲೆ ‘ಇವತ್ತು ವಾಸನೆ ಬರಲಿಲ್ಲ’ ಎಂದರು. ಅಷ್ಟು ಸಾಕು.